ಇಬ್ಬರೇ ಪಾಲುದಾರರಿರುವ ಸಂಸ್ಥೆಯಲ್ಲಿ ಒಬ್ಬರು ಇಲ್ಲವಾದರೆ: ಪಾಲುದಾರಿಕೆ ಪತ್ರದಲ್ಲಿ ಏನು ಬರೆದಿರಬೇಕು?

ಹೊಸಹೆಜ್ಜೆ (ಮೂಲ ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಸ್ನೇಹಿತರೊಬ್ಬರು ಹನ್ನೊಂದು ವರ್ಷಗಳಿಂದ ಯಂತ್ರಗಳ ಬಿಡಿಭಾಗ ತಯಾರಿಸುವ ಪಾಲುದಾರಿಕೆ ಸಂಸ್ಥೆಯೊಂದನ್ನು ನಡೆಸುತ್ತಿದ್ದೇವೆ. ನನಗೆ 54 ವರ್ಷ, ಅವರಿಗೆ 61. ನನ್ನ ಮಗಳು ನಾಲ್ಕು ವರ್ಷಗಳಿಂದ ನಮ್ಮಲ್ಲೇ ಕೆಲಸ ಕಲಿತು ಈಗ ಉತ್ಪಾದನೆಯ ಹೊಣೆಯನ್ನು ಬಹುಮಟ್ಟಿಗೆ ಹೊತ್ತಿದ್ದಾಳೆ. ಅವರ ಮಗ ವಿದೇಶದಲ್ಲಿ ನೆಲೆಸಿದ್ದು, ಈ ಉದ್ಯಮದಲ್ಲಿ ತನಗೆ ಆಸಕ್ತಿಯಿಲ್ಲವೆಂದು ಸ್ಪಷ್ಟವಾಗಿಯೇ ಹೇಳಿದ್ದಾನೆ.

ಕಳೆದ ತಿಂಗಳು ನನ್ನ ಪಾಲುದಾರರು ಹೃದಯದ ತೊಂದರೆಯಿಂದ ಆಸ್ಪತ್ರೆಗೆ ಸೇರಿದರು. ಈಗ ಚೇತರಿಸಿಕೊಂಡಿದ್ದಾರೆ. ಆ ಹತ್ತು ದಿನಗಳಲ್ಲಿ ನಾನು ಮೊದಲ ಬಾರಿಗೆ ನಮ್ಮ ಪಾಲುದಾರಿಕೆ ಪತ್ರವನ್ನು ತೆಗೆದು ಪೂರ್ತಿಯಾಗಿ ಓದಿದೆ. ಅದರಲ್ಲಿ ಈ ಕುರಿತು ಇರುವುದು ಒಂದೇ ವಾಕ್ಯ: "ಪಾಲುದಾರರಲ್ಲಿ ಯಾರೇ ತೀರಿಕೊಂಡರೂ ಸಂಸ್ಥೆಯು ವಿಸರ್ಜನೆಯಾಗತಕ್ಕದ್ದಲ್ಲ, ಮೃತರ ವಾರಸುದಾರರು ಅವರ ಸ್ಥಾನದಲ್ಲಿ ಪಾಲುದಾರರಾಗಿ ಮುಂದುವರಿಯತಕ್ಕದ್ದು." ಈ ಒಂದು ವಾಕ್ಯವನ್ನು ನಂಬಿಕೊಂಡು ಇಷ್ಟು ವರ್ಷ ನಿಶ್ಚಿಂತೆಯಿಂದ ಇದ್ದೆವು. ಇದು ಸಾಕೇ? ಸಾಲದಿದ್ದರೆ ನಾವು ಏನು ಮಾಡಬೇಕು, ಯಾರ ಬಳಿ ಹೋಗಬೇಕು?

ಕರಡುಪ್ರತಿ

ನಾನು ವಕೀಲೆ, ಪಾಲುದಾರಿಕೆ ಮತ್ತು ಕಂಪನಿ ವ್ಯವಹಾರಗಳನ್ನೇ ಹೆಚ್ಚಾಗಿ ನೋಡುತ್ತೇನೆ. ನಿಮ್ಮ ಪ್ರಶ್ನೆಗೆ ನೇರ ಉತ್ತರ: ಸಾಲದು. ನಿಮ್ಮ ಸಂಸ್ಥೆಯ ಮಟ್ಟಿಗೆ ಆ ವಾಕ್ಯ ಕೆಲಸಕ್ಕೇ ಬರುವುದಿಲ್ಲ.

1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 42ನೇ ಕಲಮಿನ ಪ್ರಕಾರ, ಪಾಲುದಾರರ ನಡುವೆ ಬೇರೆ ಒಪ್ಪಂದವಿಲ್ಲದಿದ್ದರೆ, ಒಬ್ಬ ಪಾಲುದಾರನ ಮರಣದಿಂದ ಸಂಸ್ಥೆ ವಿಸರ್ಜನೆಯಾಗುತ್ತದೆ. ಇಂಥ ವಿಸರ್ಜನೆಯನ್ನು ತಡೆಯಲೆಂದೇ ನಿಮ್ಮ ಪತ್ರದಲ್ಲಿರುವಂಥ ವಾಕ್ಯವನ್ನು ಬರೆಯುವ ರೂಢಿಯಿದೆ. ಮೂವರು ಅಥವಾ ಹೆಚ್ಚು ಪಾಲುದಾರರಿರುವಲ್ಲಿ ಅದಕ್ಕೆ ಬೆಲೆಯಿದೆ, ಏಕೆಂದರೆ ಒಬ್ಬರು ಹೋದ ಮೇಲೂ ಅಲ್ಲಿ ಇಬ್ಬರು ಉಳಿಯುತ್ತಾರೆ ಮತ್ತು ಅವರ ನಡುವಿನ ಪಾಲುದಾರಿಕೆ ಮುಂದುವರಿಯುತ್ತದೆ. ಇಬ್ಬರೇ ಇರುವಲ್ಲಿ ಒಬ್ಬರು ತೀರಿಕೊಂಡರೆ ಉಳಿಯುವುದು ಒಬ್ಬ ವ್ಯಕ್ತಿ ಮಾತ್ರ. ಒಬ್ಬರೇ ತಮ್ಮೊಡನೆ ತಾವು ಪಾಲುದಾರರಾಗಿರಲು ಸಾಧ್ಯವಿಲ್ಲ. ಸೇಠ್ ಗೋವಿಂದರಾಮ್ ಶುಗರ್ ಮಿಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1965ರಲ್ಲೇ ಈ ಮಾತನ್ನು ಹೇಳಿದೆ. ಪಾಲುದಾರಿಕೆ ಹುಟ್ಟುವುದು ಒಪ್ಪಂದದಿಂದ, ಹುಟ್ಟಿನಿಂದಲ್ಲ. ಆದ್ದರಿಂದ ನಿಮ್ಮ ಸ್ನೇಹಿತರ ಮಗನನ್ನು ಅವನ ಒಪ್ಪಿಗೆಯಿಲ್ಲದೆ ನೀವಿಬ್ಬರು ಬರೆದುಕೊಂಡ ಕಾಗದವೊಂದು ಪಾಲುದಾರನನ್ನಾಗಿ ಮಾಡಲಾರದು. ಅವನು ಒಪ್ಪಿ ನಿಮ್ಮೊಡನೆ ಹೊಸ ಒಪ್ಪಂದಕ್ಕೆ ಬಂದರೆ ಅದು ಹೊಸ ಪಾಲುದಾರಿಕೆಯಾಗುತ್ತದೆ, ಹಳೆಯದರ ಮುಂದುವರಿಕೆಯಲ್ಲ.

ಇನ್ನೊಂದು ಅಂಶವನ್ನು ಗಮನಿಸಿ. ಲೆಕ್ಕ ಚುಕ್ತಾ ಮಾಡದೆ ನೀವೊಬ್ಬರೇ ಅದೇ ಆಸ್ತಿಯನ್ನು ಬಳಸಿ ಉದ್ಯಮ ಮುಂದುವರಿಸಿದರೆ, 37ನೇ ಕಲಮಿನಂತೆ ಮೃತರ ವಾರಸುದಾರರಿಗೆ ಒಂದು ಆಯ್ಕೆ ದೊರೆಯುತ್ತದೆ: ಅವರ ಪಾಲಿನ ಆಸ್ತಿಯ ಬಳಕೆಯಿಂದ ಬಂದ ಲಾಭವನ್ನು ಕೇಳಬಹುದು, ಅಥವಾ ಅವರ ಪಾಲಿನ ಮೊತ್ತಕ್ಕೆ ವರ್ಷಕ್ಕೆ ಶೇಕಡಾ 6ರಂತೆ ಬಡ್ಡಿ ಕೇಳಬಹುದು. ಯಾವುದು ಲಾಭದಾಯಕವೋ ಅದನ್ನು ಅವರು ಆರಿಸಿಕೊಳ್ಳುತ್ತಾರೆ. ಹಲವು ವರ್ಷ ಹೀಗೆಯೇ ನಡೆದ ಮೇಲೆ ಒಂದು ದಿನ ಲೆಕ್ಕ ಕೇಳುವ ನೋಟಿಸು ಬರುತ್ತದೆ. ನನ್ನ ಕಚೇರಿಗೆ ಬರುವ ಪಾಲುದಾರಿಕೆ ವ್ಯಾಜ್ಯಗಳಲ್ಲಿ ಇಂಥವೇ ಹೆಚ್ಚು, ಮತ್ತು ಅವುಗಳಲ್ಲಿ ಯಾರೊಬ್ಬರೂ ಕೆಟ್ಟವರಾಗಿರುವುದಿಲ್ಲ ಎಂಬುದೇ ನನಗೆ ಅತ್ಯಂತ ನೋವಿನ ಸಂಗತಿ.

ನಿಮ್ಮ ಸಂಸ್ಥೆ ನೋಂದಣಿಯಾಗಿದೆಯೇ? ನೋಂದಣಿ ಕಡ್ಡಾಯವಲ್ಲ, ಆದರೆ ಆಗದಿದ್ದರೆ 69ನೇ ಕಲಮಿನಂತೆ ಒಪ್ಪಂದದಿಂದ ಹುಟ್ಟಿದ ಹಕ್ಕಿಗಾಗಿ ಹೊರಗಿನವರ ಮೇಲೆ ಸಂಸ್ಥೆ ದಾವೆ ಹೂಡಲಾಗದು. ಬಾಕಿ ಉಳಿಸಿಕೊಂಡ ಗ್ರಾಹಕರಿಗೆ ಈ ಸಂಗತಿ ಚೆನ್ನಾಗಿ ತಿಳಿದಿರುತ್ತದೆ.

ಎರಡನೇತಲೆಮಾರು

ಮೇಲಿನ ಉತ್ತರಕ್ಕೆ ನನ್ನ ಅನುಭವವನ್ನು ಸೇರಿಸುತ್ತೇನೆ. ನಮ್ಮದು ಪಾಲುದಾರಿಕೆಯೂ ಅಲ್ಲ, ತಂದೆಯವರ ಏಕಮಾಲೀಕತ್ವದ ಉದ್ಯಮವಾಗಿತ್ತು. ಅವರು ಹಠಾತ್ತನೆ ತೀರಿಕೊಂಡಾಗ ನನ್ನ ಬಳಿ ಅವರು ಬರೆದುಕೊಟ್ಟಿದ್ದ ಅಧಿಕಾರಪತ್ರವಿತ್ತು, ಅಂದರೆ ಪವರ್ ಆಫ್ ಅಟಾರ್ನಿ. ಅದರ ಬಲದಿಂದ ಎಲ್ಲವನ್ನೂ ನಿಭಾಯಿಸಬಹುದೆಂದು ನಾನು ಮನಸಾರೆ ನಂಬಿದ್ದೆ. ಆದರೆ 1872ರ ಕರಾರು ಕಾಯ್ದೆಯ 201ನೇ ಕಲಮಿನಂತೆ, ಬರೆದುಕೊಟ್ಟವರು ತೀರಿಕೊಂಡ ಕ್ಷಣಕ್ಕೆ ಅಂಥ ಅಧಿಕಾರ ಮುಗಿಯುತ್ತದೆ. ಬರೆದುಕೊಟ್ಟವರ ಬುದ್ಧಿ ಸ್ವಾಧೀನದಲ್ಲಿ ಇಲ್ಲದಂತಾದರೂ ಅದೇ ಗತಿ. ಯಾವ ಎರಡು ಸಂದರ್ಭಗಳಿಗಾಗಿ ನಾವು ಆ ಪತ್ರವನ್ನು ಕಾಪಾಡಿಕೊಂಡು ಬಂದಿದ್ದೆವೋ ಆ ಎರಡರಲ್ಲೂ ಅದು ಉಪಯೋಗಕ್ಕೆ ಬರಲಿಲ್ಲ.

ಬ್ಯಾಂಕಿನವರು ಚಾಲ್ತಿ ಖಾತೆಯನ್ನು ತಡೆಹಿಡಿದರು. ಕೆಲಸಗಾರರಿಗೆ ಆ ತಿಂಗಳ ಸಂಬಳವನ್ನು ಮನೆಯವರ ಉಳಿತಾಯದಿಂದ ಕೊಟ್ಟೆವು. ಜಿಎಸ್‌ಟಿ ನೋಂದಣಿ ತಂದೆಯವರ ಪ್ಯಾನ್ ಸಂಖ್ಯೆಗೆ ಬೆಸೆದುಕೊಂಡಿದ್ದರಿಂದ ಅದನ್ನು ನನ್ನ ಹೆಸರಿಗೆ ಬದಲಾಯಿಸುವ ಮಾತೇ ಇರಲಿಲ್ಲ. ನಾನು ಹೊಸ ನೋಂದಣಿ ಪಡೆದು, ಹಳೆಯ ನೋಂದಣಿಯಲ್ಲಿ ಉಳಿದಿದ್ದ ಹೂಡುವಳಿ ತೆರಿಗೆ ಜಮೆಯನ್ನು, ಅಂದರೆ ಕೊಂಡ ಸರಕಿನ ಮೇಲೆ ಮೊದಲೇ ಕೊಟ್ಟಿದ್ದ ತೆರಿಗೆಯ ಜಮೆಯನ್ನು, ಐಟಿಸಿ-02 ನಮೂನೆಯ ಮೂಲಕ ವರ್ಗಾಯಿಸಿಕೊಳ್ಳಬೇಕಾಯಿತು. ಮಾಲೀಕರ ಮರಣದ ಸಂದರ್ಭದಲ್ಲಿ ಹೀಗೆ ಮಾಡಬಹುದೆಂದು 2019ರ ಮಾರ್ಚ್‌ನಲ್ಲಿ ಹೊರಟ ಸುತ್ತೋಲೆ ಸ್ಪಷ್ಟಪಡಿಸಿದೆ, ಆದರೆ ಅದು ನನಗೆ ತಿಳಿದದ್ದು ಎಷ್ಟೋ ವಾರಗಳ ನಂತರ. ಏಕಮಾಲೀಕತ್ವದಲ್ಲಿ ಉದ್ಯಮಕ್ಕೂ ಮನುಷ್ಯನಿಗೂ ಕಾನೂನು ಭೇದವೆಣಿಸುವುದಿಲ್ಲ ಎಂಬುದನ್ನು ಆ ವಾರಗಳಲ್ಲಿ ಕಲಿತೆ. ಈಗ ಪಾಲುದಾರಿಕೆ ನಡೆಸುತ್ತಿರುವ ನೀವು, ಒಬ್ಬರು ಹೋದರೆ ಮರುದಿನವೇ ನಾನಿದ್ದ ಸ್ಥಿತಿಗೆ ಬರುತ್ತೀರಿ.

ಮೊದಲಸಾಲು

ಹಾಗಿದ್ದರೆ ಖಾಸಗಿ ಕಂಪನಿಯಾಗಿ ಬದಲಾದರೆ ಎಲ್ಲವೂ ಸರಿಹೋಗುವುದಿಲ್ಲವೇ? ಕಂಪನಿಗೆ ಸಾವಿಲ್ಲ ಎನ್ನುತ್ತಾರೆ. ಷೇರುಗಳಿಗೆ ನಾಮಿನಿ ಹೆಸರಿಸಿದರೆ ಉತ್ತರಾಧಿಕಾರದ ಪ್ರಶ್ನೆಯೂ ಮುಗಿಯಿತಲ್ಲವೇ? ನಾವು ಈಗಷ್ಟೇ ಉದ್ಯಮ ಆರಂಭಿಸುತ್ತಿರುವುದರಿಂದ ನನಗೂ ಇದು ಮುಖ್ಯ.

ಕರಡುಪ್ರತಿ

ಕಂಪನಿಗೆ ಸಾವಿಲ್ಲ ಎಂಬುದು ನಿಜ. ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಗೂ, ಅಂದರೆ 2008ರ ಕಾಯ್ದೆಯ ಎಲ್‌ಎಲ್‌ಪಿಗೂ, ಅದೇ ಗುಣವಿದೆ. ಆದರೆ ಸಂಸ್ಥೆ ಉಳಿಯುವುದು ಬೇರೆ, ಅದು ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದು ಬೇರೆ. ಜನರು ಈ ಎರಡನ್ನು ಒಂದೇ ಎಂದು ಭಾವಿಸುವುದರಿಂದಲೇ ತೊಡಕು ಹುಟ್ಟುತ್ತದೆ.

ನಾಮಿನಿಯ ಕುರಿತು: 2013ರ ಕಂಪನಿ ಕಾಯ್ದೆಯ 72ನೇ ಕಲಮಿನಂತೆ ಷೇರುದಾರರು ನಾಮಿನಿಯನ್ನು ಹೆಸರಿಸಬಹುದು. ಆದರೆ ನಾಮಿನಿ ಒಡೆಯನಲ್ಲ. 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸಂಶಯಕ್ಕೆ ಎಡೆಯಿಲ್ಲದಂತೆ ತೀರ್ಮಾನಿಸಿತು: ನಾಮನಿರ್ದೇಶನವು ಉತ್ತರಾಧಿಕಾರದ ಕಾನೂನನ್ನು ಮೀರುವುದಿಲ್ಲ. ಕಂಪನಿಯು ತಡವಿಲ್ಲದೆ ಷೇರುಗಳನ್ನು ಯಾರಿಗಾದರೂ ಒಪ್ಪಿಸಲು ಅನುಕೂಲವಾಗಲೆಂದು ಆ ಏರ್ಪಾಡು ಇದೆ. ಕೊನೆಗೆ ಷೇರುಗಳು ಸೇರಬೇಕಾದದ್ದು ಉಯಿಲಿನಲ್ಲಿ ಹೆಸರಿಸಿದವರಿಗೆ, ಉಯಿಲಿಲ್ಲದಿದ್ದರೆ ಕಾನೂನುಬದ್ಧ ವಾರಸುದಾರರಿಗೆ. ಒಬ್ಬರೇ ಸದಸ್ಯರಿರುವ ಕಂಪನಿಯಲ್ಲಿ ನಾಮಿನಿಯನ್ನು ಹೆಸರಿಸುವುದು ಸ್ಥಾಪನೆಯ ಹೊತ್ತಿಗೇ ಕಡ್ಡಾಯ, ಅವರ ಲಿಖಿತ ಒಪ್ಪಿಗೆಯೂ ಬೇಕು. ಹುಟ್ಟಿದ ದಿನವೇ ಮುಂದಿನವರು ಯಾರೆಂದು ಕೇಳುವ ಆ ನಿಯಮ ನನಗೆ ಬಹಳ ಇಷ್ಟ. ಉಳಿದ ಬಗೆಯ ಸಂಸ್ಥೆಗಳಲ್ಲಿ ಕಾನೂನು ಈ ಪ್ರಶ್ನೆಯನ್ನು ಕೇಳುವುದಿಲ್ಲ, ಆದ್ದರಿಂದ ನಾವೇ ಕೇಳಿಕೊಳ್ಳಬೇಕು.

ಇನ್ನೊಂದು ಎಚ್ಚರ: ವಾರಸುದಾರರಿಗೆ ಷೇರು ಬರುತ್ತದೆ, ನಿರ್ದೇಶಕರ ಕುರ್ಚಿ ಬರುವುದಿಲ್ಲ. ನಿರ್ದೇಶಕ ಸ್ಥಾನ ಉತ್ತರಾಧಿಕಾರದ ಸ್ವತ್ತಲ್ಲ. ಹಾಗೆಯೇ, ಷೇರುಗಳನ್ನು ಮಾರುವಾಗ ಮೊದಲು ಕುಟುಂಬದವರಿಗೋ ಜೊತೆಗಾರರಿಗೋ ಕೊಡಬೇಕೆಂಬ ಒಪ್ಪಂದವಿದ್ದರೆ ಅದನ್ನು ಕಂಪನಿಯ ಅಂತರ್ನಿಯಮಾವಳಿಯಲ್ಲಿ, ಅಂದರೆ ಆರ್ಟಿಕಲ್ಸ್‌ನಲ್ಲಿ, ಬರೆಸಲೇಬೇಕು. 1992ರಲ್ಲಿ ವರದಿಯಾದ ರಂಗರಾಜ್ ಪ್ರಕರಣದಲ್ಲಿ ಇಬ್ಬರು ಸಹೋದರರ ಕುಟುಂಬಗಳ ನಡುವೆ ಇಂಥ ಒಡಂಬಡಿಕೆಯಿತ್ತು, ಆದರೆ ಅದು ಅಂತರ್ನಿಯಮಾವಳಿಯಲ್ಲಿ ಇರಲಿಲ್ಲ. ಆದ್ದರಿಂದ ಅದು ಕಂಪನಿಯನ್ನಾಗಲಿ ಷೇರುದಾರರನ್ನಾಗಲಿ ಕಟ್ಟಿಹಾಕದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಅಂತರ್ಜಾಲದಲ್ಲಿ ಸಿಗುವ ಸಿದ್ಧ ನಿಯಮಾವಳಿಯನ್ನು ಹಾಗೆಯೇ ಸಲ್ಲಿಸಿ ಕಂಪನಿ ಆರಂಭಿಸುವವರು ಈ ತೀರ್ಪನ್ನು ಒಮ್ಮೆ ಓದಬೇಕೆಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಮೂಲ ಪ್ರಶ್ನೆ ಕೇಳಿದವರಿಗೆ ಎಲ್‌ಎಲ್‌ಪಿ ಹೆಚ್ಚು ಹೊಂದುತ್ತದೆಂದು ನನ್ನ ಅಭಿಪ್ರಾಯ. ಪಾಲುದಾರರೊಬ್ಬರು ತೀರಿಕೊಂಡರೂ ಅದು ಉಳಿಯುತ್ತದೆ. ಆದರೆ ಪಾಲುದಾರರ ಸಂಖ್ಯೆ ಎರಡಕ್ಕಿಂತ ಕಡಿಮೆಯಾದದ್ದು ತಿಳಿದೂ ಆರು ತಿಂಗಳಿಗಿಂತ ಹೆಚ್ಚು ಕಾಲ ಹಾಗೆಯೇ ವ್ಯವಹಾರ ನಡೆಸಿದರೆ, ಆ ಅವಧಿಯ ಋಣಗಳಿಗೆ ಉಳಿದವರು ಸ್ವಂತವಾಗಿ ಹೊಣೆಯಾಗುತ್ತಾರೆ. ಅಂದರೆ ನಿಮಗೆ ಆರು ತಿಂಗಳ ಉಸಿರು ಸಿಗುತ್ತದೆ, ಈಗಿರುವ ಪಾಲುದಾರಿಕೆಯಲ್ಲಿ ಅದೂ ಇಲ್ಲ.

ಲೆಕ್ಕದಪುಸ್ತಕ

ನಾನು ಲೆಕ್ಕಪರಿಶೋಧಕ. ಸಂಸ್ಥೆಯ ರೂಪದ ಬಗ್ಗೆ ಮೇಲೆ ಹೇಳಿರುವುದು ಸರಿ. ಎಲ್‌ಎಲ್‌ಪಿಯ ಅನುಸರಣೆಯ ಭಾರವನ್ನು ಕಂಡು ಹೆದರಬೇಕಾಗಿಲ್ಲ, ವಹಿವಾಟು 40 ಲಕ್ಷ ರೂಪಾಯಿ ಅಥವಾ ಬಂಡವಾಳ 25 ಲಕ್ಷ ರೂಪಾಯಿ ದಾಟಿದಾಗ ಮಾತ್ರ ಅಲ್ಲಿ ಆ ಕಾಯ್ದೆಯಡಿ ಲೆಕ್ಕಪರಿಶೋಧನೆ ಕಡ್ಡಾಯ. ಆದರೆ ನನಗೆ ಹೆಚ್ಚು ಚಿಂತೆಯಾಗುವುದು ಬೆಲೆಯ ಪ್ರಶ್ನೆ. ಯಾರಿಗೆ ಸೇರಬೇಕು ಎಂಬುದನ್ನು ಎಲ್ಲರೂ ಬರೆಯುತ್ತಾರೆ, ಎಷ್ಟಕ್ಕೆ ಎಂಬುದನ್ನು ಯಾರೂ ಬರೆಯುವುದಿಲ್ಲ.

ಆಸಕ್ತಿಯಿಲ್ಲದ ಮಗನಿಗೆ ಪಾಲುದಾರಿಕೆ ಬೇಡ, ಹಣ ಬೇಕು. ಅದು ನ್ಯಾಯವಾದ ಅಪೇಕ್ಷೆಯೇ. ಹಾಗಾದರೆ ಅವನ ತಂದೆಯ ಪಾಲಿನ ಬೆಲೆ ಎಷ್ಟು? "ಕೊನೆಯ ಆಸ್ತಿ-ಹೊಣೆ ಪಟ್ಟಿಯಲ್ಲಿರುವಂತೆ", ಅಂದರೆ ಬ್ಯಾಲೆನ್ಸ್ ಶೀಟಿನಂತೆ, ಎಂದು ಬರೆದ ಪತ್ರಗಳನ್ನು ನಾನು ಎಷ್ಟೋ ನೋಡಿದ್ದೇನೆ. ಆ ಪಟ್ಟಿಯಲ್ಲಿ ಹನ್ನೊಂದು ವರ್ಷದ ಹಿಂದೆ ಕೊಂಡ ಯಂತ್ರ ಸವಕಳಿ ಕಳೆದು ಹೆಚ್ಚುಕಡಿಮೆ ಸೊನ್ನೆಗೆ ಬಂದಿರುತ್ತದೆ, ಆದರೆ ಅದು ಇಂದಿಗೂ ದಿನವಿಡೀ ಓಡುತ್ತಿರುತ್ತದೆ. ಜಾಗವಿದ್ದರೆ ಕೊಂಡಾಗಿನ ಬೆಲೆಯಲ್ಲಿರುತ್ತದೆ. ನೀವು ಹನ್ನೊಂದು ವರ್ಷದಲ್ಲಿ ಗಳಿಸಿದ ಹೆಸರು, ಗ್ರಾಹಕರ ವಿಶ್ವಾಸ, ಇವು ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ಪತ್ರದ ಮಾತನ್ನು ಅಕ್ಷರಶಃ ಪಾಲಿಸಿದರೆ ಮೃತರ ಕುಟುಂಬಕ್ಕೆ ಅನ್ಯಾಯ. ಮಾರುಕಟ್ಟೆ ಬೆಲೆಯನ್ನು ಒಮ್ಮೆಲೇ ಕೊಡಬೇಕೆಂದರೆ ಉದ್ಯಮವೇ ಮುಳುಗುತ್ತದೆ.

ಗಮನಿಸಿ, ಎಲ್‌ಎಲ್‌ಪಿ ಒಪ್ಪಂದದಲ್ಲಿ ಬೇರೇನೂ ಬರೆಯದಿದ್ದರೆ 24ನೇ ಕಲಮಿನಂತೆ ಮೃತ ಪಾಲುದಾರರ ಕಡೆಯವರಿಗೆ ಸಲ್ಲುವುದು ಅವರು ವಾಸ್ತವವಾಗಿ ತಂದ ಬಂಡವಾಳ ಮತ್ತು ನಷ್ಟ ಕಳೆದು ಉಳಿದ ಸಂಚಿತ ಲಾಭದಲ್ಲಿ ಅವರ ಪಾಲು. ಸಂಸ್ಥೆಯ ಸತ್ಕೀರ್ತಿಯ ಮೌಲ್ಯ ಅದರಲ್ಲಿ ತಾನಾಗಿ ಬರುವುದಿಲ್ಲ. ಒಪ್ಪಂದವನ್ನೇ ಮಾಡಿಕೊಳ್ಳದಿದ್ದರೆ ಕಾಯ್ದೆಯ ಮೊದಲ ಅನುಸೂಚಿ ಅನ್ವಯವಾಗಿ, ಯಾರು ಎಷ್ಟು ಹಾಕಿದ್ದರೂ ಬಂಡವಾಳ, ಲಾಭ, ನಷ್ಟ ಎಲ್ಲವೂ ಸಮಪಾಲಾಗುತ್ತವೆ.

ಆದ್ದರಿಂದ ಬೆಲೆ ಕಟ್ಟುವ ಕ್ರಮವನ್ನು ಇಬ್ಬರೂ ಆರೋಗ್ಯವಾಗಿರುವಾಗಲೇ ಬರೆದಿಡಿ. ಇಂದು ನಿಮ್ಮಿಬ್ಬರಲ್ಲಿ ಯಾರು ಕೊಳ್ಳುವವರು, ಯಾರ ಮನೆಯವರು ಮಾರುವವರು ಎಂಬುದು ಯಾರಿಗೂ ಗೊತ್ತಿಲ್ಲ, ಅದರಿಂದಲೇ ಇಂದು ಬರೆಯುವ ಸೂತ್ರ ನ್ಯಾಯವಾಗಿರುತ್ತದೆ. ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಇಷ್ಟು ಪಟ್ಟು ಎನ್ನಬಹುದು. ಅಥವಾ ಪ್ರತಿ ವರ್ಷ ಲೆಕ್ಕ ಮುಗಿಸುವಾಗ ಇಬ್ಬರೂ ಒಪ್ಪಿದ ಬೆಲೆಯನ್ನು ಬರೆದು ಸಹಿ ಮಾಡಬಹುದು. ಒಮ್ಮತವಾಗದಿದ್ದರೆ ಇಬ್ಬರಿಗೂ ಸಂಬಂಧಿಸದ ಮೌಲ್ಯಮಾಪಕರನ್ನು ನೇಮಿಸುವ ಬಗೆಯನ್ನೂ ಸೇರಿಸಿ. ಹಣವನ್ನು ಎಷ್ಟು ಕಂತುಗಳಲ್ಲಿ, ಯಾವ ಬಡ್ಡಿಗೆ, ಯಾವ ಭದ್ರತೆಯ ಮೇಲೆ ಕೊಡಬೇಕೆಂಬುದನ್ನು ಬಿಡಬೇಡಿ. ಒಬ್ಬರ ಜೀವದ ಮೇಲೆ ಇನ್ನೊಬ್ಬರು ಪಡೆಯುವ ಪಾಲುದಾರಿಕೆ ವಿಮೆ ಇಂಥ ಕೊಳ್ಳುವಿಕೆಗೆ ಹಣ ಒದಗಿಸುವ ಹಳೆಯ ದಾರಿ, ಆದರೆ 61ರ ವಯಸ್ಸಿನಲ್ಲಿ, ಹೃದಯದ ತೊಂದರೆಯ ನಂತರ, ಅದು ಸುಲಭವಾಗಿ ದೊರೆಯುವುದಿಲ್ಲ. ಈ ವಿಷಯವನ್ನು ಉದ್ಯಮ ಆರಂಭಿಸುತ್ತಿರುವ ಮೊದಲಸಾಲು ಅವರು ಗಮನಿಸಬೇಕು.

ನಡುಮನೆ

ಮೇಲಿನವರೆಲ್ಲ ಉಯಿಲಿನ ಮಾತನ್ನು ಹಾದುಹೋಗುವಾಗ ಹೇಳಿದ್ದಾರೆ, ನಾನು ಅದರ ಮೇಲೆ ಸ್ವಲ್ಪ ನಿಲ್ಲಬಯಸುತ್ತೇನೆ. ನನ್ನ ಪತಿ ಉಯಿಲು ಬರೆಯದೆ ತೀರಿಕೊಂಡರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಮೊದಲ ವರ್ಗದ ವಾರಸುದಾರರ ಸಾಲಿನಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳ ಜೊತೆಗೆ ಮೃತರ ತಾಯಿಯೂ ಇದ್ದಾರೆ, ಎಲ್ಲರಿಗೂ ಸಮಪಾಲು. ನನ್ನ ಅತ್ತೆಯವರಿಗೆ ಹೀಗೆ ಬಂದ ಪಾಲು, ಅವರ ನಂತರ ಅವರ ಉಳಿದ ಮಕ್ಕಳಿಗೂ ಹಂಚಿಹೋಯಿತು. ಉದ್ಯಮದ ಮುಖವನ್ನೂ ನೋಡದವರ ಸಹಿ ಪ್ರತಿಯೊಂದು ತೀರ್ಮಾನಕ್ಕೂ ಬೇಕಾಯಿತು. ಅವರಲ್ಲಿ ಯಾರೂ ನಮಗೆ ಕೆಡುಕು ಬಯಸಲಿಲ್ಲ, ಆದರೂ ಮೂರು ವರ್ಷ ಹೋಯಿತು.

ಉಯಿಲಿಗೆ ಮುದ್ರಾಂಕ ಶುಲ್ಕವಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಬರೆದವರ ಸಹಿ ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳ ದೃಢೀಕರಣ ಇದ್ದರೆ ಸಾಕು. ಲಾಭ ಪಡೆಯುವವರನ್ನೇ ಸಾಕ್ಷಿಯಾಗಿ ಮಾಡಬಾರದೆಂದು ನಮ್ಮ ವಕೀಲರು ಒತ್ತಿ ಹೇಳುತ್ತಾರೆ. ಇಷ್ಟು ಸಣ್ಣ ಕೆಲಸವನ್ನು ನಾವು ಮುಂದೂಡುತ್ತಲೇ ಬಂದೆವು.

ಕರಡುಪ್ರತಿ

ನಡುಮನೆಯವರ ಮಾತಿಗೆ ಒಂದೇ ಸೇರ್ಪಡೆ: ಈ ನಿಯಮಗಳು ಎಲ್ಲರಿಗೂ ಒಂದೇ ಅಲ್ಲ. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ, ಉಯಿಲಿಲ್ಲದೆ ಹೆಂಡತಿ ಮತ್ತು ಮಕ್ಕಳನ್ನು ಬಿಟ್ಟುಹೋದವರ ಆಸ್ತಿಯಲ್ಲಿ ಹೆಂಡತಿಗೆ ಮೂರನೆಯ ಒಂದು ಪಾಲು, ಮಕ್ಕಳಿಗೆ ಉಳಿದ ಎರಡು ಪಾಲು. ಮುಸ್ಲಿಮರು ವಾರಸುದಾರರ ಒಪ್ಪಿಗೆಯಿಲ್ಲದೆ ಸಾಮಾನ್ಯವಾಗಿ ಮೂರನೆಯ ಒಂದು ಭಾಗದಷ್ಟನ್ನು ಮಾತ್ರ ಉಯಿಲಿನ ಮೂಲಕ ಕೊಡಬಹುದು. ಬೇರೆ ಬೇರೆ ಧರ್ಮದ ಪಾಲುದಾರರಿರುವ ಸಂಸ್ಥೆಯಲ್ಲಿ ಇಬ್ಬರ ಮನೆಯ ಲೆಕ್ಕವೂ ಬೇರೆ ಬೇರೆಯಾಗಿ ಆಗಬೇಕು.

ಹೊಸಹೆಜ್ಜೆ

ಎಲ್ಲರ ಉತ್ತರಗಳನ್ನೂ ಮುದ್ರಿಸಿಕೊಂಡು ನನ್ನ ಪಾಲುದಾರರ ಮನೆಗೆ ಹೋಗಿದ್ದೆ. ಸಾವಿನ ಮಾತನ್ನು ಹೇಗೆ ಎತ್ತುವುದೆಂದು ನಾನು ಹಿಂಜರಿಯುತ್ತಿದ್ದರೆ, ಅವರೇ "ಇದನ್ನು ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಯೋಚಿಸಿದ್ದೆ" ಎಂದರು. ನಮ್ಮ ಸಂಸ್ಥೆ ನೋಂದಣಿಯಾಗಿದೆ. ಮಾತಾಡುತ್ತ ಹೋದಂತೆ ಇನ್ನೊಂದು ಸಂಗತಿ ಹೊರಬಿತ್ತು: ನಮ್ಮ ಕಾರ್ಯಾಗಾರವಿರುವ ಜಾಗ ಅವರ ಸ್ವಂತ ಹೆಸರಿನಲ್ಲಿದೆ. ಸಂಸ್ಥೆ ಅದಕ್ಕೆ ಬಾಡಿಗೆ ಕೊಟ್ಟಿಲ್ಲ, ಅದರ ಬಗ್ಗೆ ಒಂದು ಕಾಗದವೂ ಇಲ್ಲ. ಮಗಳನ್ನು ಮೂರನೆಯ ಪಾಲುದಾರಳಾಗಿ ಸೇರಿಸಿ, ನಂತರ ಎಲ್‌ಎಲ್‌ಪಿಯಾಗಿ ಪರಿವರ್ತನೆ ಹೊಂದುವುದಕ್ಕೆ ಅವರು ಒಪ್ಪಿದ್ದಾರೆ. ಒಬ್ಬರೇ ವಕೀಲರು ಇಬ್ಬರಿಗೂ ಸಲಹೆ ಕೊಡಬಹುದೇ?

ಕರಡುಪ್ರತಿ

ಮೊದಲು ಜಾಗದ ವಿಷಯ, ಏಕೆಂದರೆ ನಿಮ್ಮ ಯೋಜನೆಯಲ್ಲಿ ಅತ್ಯಂತ ದುರ್ಬಲವಾದದ್ದು ಅದೇ. ಪರಿವರ್ತನೆಯಾದಾಗ ಎಲ್‌ಎಲ್‌ಪಿಗೆ ಬರುವುದು ಸಂಸ್ಥೆಯ ಆಸ್ತಿ ಮಾತ್ರ, ಪಾಲುದಾರರ ಸ್ವಂತ ಆಸ್ತಿಯಲ್ಲ. ಆ ಜಾಗ ನಾಳೆ ಅವರ ವಾರಸುದಾರರಿಗೆ ಹೋಗುತ್ತದೆ, ಮತ್ತು ಅವರು ತೆರವು ಮಾಡಲು ಹೇಳಿದರೆ ನಿಮ್ಮ ಯಂತ್ರಗಳು ಬೀದಿಗೆ ಬರುತ್ತವೆ. ನ್ಯಾಯವಾದ ಬಾಡಿಗೆ ಗೊತ್ತುಮಾಡಿ, ನವೀಕರಣದ ಹಕ್ಕನ್ನೂ ಮೊದಲು ಕೊಳ್ಳುವ ಹಕ್ಕನ್ನೂ ಸೇರಿಸಿ ದೀರ್ಘಾವಧಿಯ ಗುತ್ತಿಗೆ ಪತ್ರ ಮಾಡಿಕೊಳ್ಳಿ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗುತ್ತಿಗೆಗೆ ನೋಂದಣಿ ಕಡ್ಡಾಯ. ಬಾಡಿಗೆ ಅವರ ಕುಟುಂಬಕ್ಕೂ ಒಂದು ಆದಾಯವಾಗುತ್ತದೆ, ಮಗನಿಗೂ ಅಭ್ಯಂತರವಿರಲಾರದು.

ನಿಮ್ಮ ಅನುಕ್ರಮ ಸರಿಯಾಗಿದೆ. ಪರಿವರ್ತನೆಯ ಹೊತ್ತಿಗೆ ಸಂಸ್ಥೆಯ ಎಲ್ಲ ಪಾಲುದಾರರೂ ಎಲ್‌ಎಲ್‌ಪಿಯ ಪಾಲುದಾರರಾಗಬೇಕು, ಹೊರಗಿನವರು ಯಾರೂ ಸೇರುವಂತಿಲ್ಲ. ಆದ್ದರಿಂದ ಮಗಳನ್ನು ಈಗಲೇ ಪುನಾರಚನೆಯ ಪತ್ರದ ಮೂಲಕ ಸೇರಿಸಿ. ಅದಾದ ದಿನದಿಂದಲೇ ನೀವು ಮೂವರಾಗುತ್ತೀರಿ, ವಿಸರ್ಜನೆ ತಡೆಯುವ ನಿಮ್ಮ ಹಳೆಯ ವಾಕ್ಯಕ್ಕೆ ಜೀವ ಬರುತ್ತದೆ. ಆದರೆ ವಾರಸುದಾರರು ತಾವಾಗಿ ಪಾಲುದಾರರಾಗುತ್ತಾರೆಂಬ ಭಾಗವನ್ನು ತೆಗೆದು, ಲೆಕ್ಕದಪುಸ್ತಕ ಅವರು ಹೇಳಿದ ಬೆಲೆಯ ಕ್ರಮವನ್ನು ಆ ಜಾಗದಲ್ಲಿ ಬರೆಸಿ. ದೀರ್ಘ ಅನಾರೋಗ್ಯದಲ್ಲಿ ಯಾರು ಸಹಿ ಮಾಡಬೇಕು, ಎಷ್ಟು ತಿಂಗಳ ನಂತರ ನಿವೃತ್ತಿ ಎಂದು ಪರಿಗಣಿಸಬೇಕು ಎಂಬುದೂ ಅದರಲ್ಲೇ ಇರಲಿ. ಪರಿವರ್ತನೆಯಿಂದ ಹಳೆಯ ಸಾಲದ ಹೊಣೆ ತೊಳೆದುಹೋಗುವುದಿಲ್ಲ; ಅದಕ್ಕೆ ಹಿಂದಿನ ಋಣಗಳಿಗೆ ನೀವು ಸ್ವಂತವಾಗಿ ಹೊಣೆಯಾಗಿಯೇ ಉಳಿಯುತ್ತೀರಿ. ಬ್ಯಾಂಕಿಗೆ ಕೊಟ್ಟ ವೈಯಕ್ತಿಕ ಜಾಮೀನುಗಳ ಪ್ರತಿಗಳನ್ನು ಪಡೆದು, ಮರಣದ ನಂತರ ಅವು ಆಸ್ತಿಯ ಮೇಲೆ ಮುಂದುವರಿಯುತ್ತವೆಯೇ ಎಂದು ಓದಿ.

ಒಬ್ಬರೇ ವಕೀಲರು ಕರಡು ಬರೆಯಬಹುದು. ಆದರೆ ಬೆಲೆಯ ಸೂತ್ರ ಮತ್ತು ಗುತ್ತಿಗೆಯಲ್ಲಿ ನಿಮ್ಮಿಬ್ಬರ ಹಿತ ಬೇರೆ ಬೇರೆ. ಸಹಿ ಮಾಡುವ ಮೊದಲು ಅವರು ತಮ್ಮದೇ ವಕೀಲರಿಗೆ ತೋರಿಸಲಿ, ಹಾಗೆ ತೋರಿಸಿದ್ದಾರೆಂದು ಪತ್ರದಲ್ಲೇ ನಮೂದಿಸಿ. ಮುಂದೊಂದು ದಿನ ಅವರ ಕುಟುಂಬ ಆ ಪತ್ರವನ್ನು ಪ್ರಶ್ನಿಸಿದರೆ ಆ ಒಂದು ಸಾಲು ನಿಮ್ಮನ್ನು ಕಾಯುತ್ತದೆ. ತೆರಿಗೆಗೆ ಲೆಕ್ಕಪರಿಶೋಧಕರು, ಎಲ್‌ಎಲ್‌ಪಿ ಕಡತಗಳಿಗೆ ಕಂಪನಿ ಕಾರ್ಯದರ್ಶಿ ಇರಲಿ, ಮೂವರೂ ಒಂದೇ ಕರಡನ್ನು ಓದಿರಲಿ. ವಕೀಲರ ಶುಲ್ಕ ಭರಿಸಲಾಗದ ಮಹಿಳೆಯರು ಈ ಚರ್ಚೆಯನ್ನು ಓದುತ್ತಿದ್ದರೆ ಅವರಿಗೊಂದು ಮಾತು: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿನ ಹಕ್ಕಿದೆ, ಸಹಾಯವಾಣಿ 15100.

ನಡುಮನೆ

ಆ ಸಂಖ್ಯೆ ನನಗೆ ಅಂದು ಗೊತ್ತಿರಲಿಲ್ಲ. ಹೊಸಹೆಜ್ಜೆಯವರೇ, ಪಾಲುದಾರರ ಮಗನಿಗೂ ಕರಡಿನ ಒಂದು ಪ್ರತಿ ಕಳುಹಿಸಿ. ಅವನು ತಂದೆ ಇರುವಾಗಲೇ ಓದಿ, ಕೇಳಬೇಕಾದದ್ದನ್ನು ಅವರನ್ನೇ ಕೇಳಲಿ.

ಹೊಸಹೆಜ್ಜೆ

ಕಳುಹಿಸಿದೆವು. ಬೆಲೆಯ ಸೂತ್ರದ ಬಗ್ಗೆ ಎರಡು ಪ್ರಶ್ನೆ ಕೇಳಿದ್ದಾನೆ, ಎರಡೂ ನ್ಯಾಯವಾದವೇ. ಗುತ್ತಿಗೆ ಪತ್ರದ ನೋಂದಣಿಗೆ ಮುಂದಿನ ವಾರ ಸಮಯ ಸಿಕ್ಕಿದೆ. ಪುನಾರಚನೆಯ ಪತ್ರಕ್ಕೆ ಅದೇ ದಿನ ಸಹಿಯಾಗುತ್ತದೆ.